ಅಲುಗಾಡದ ಚುಕ್ಕಿ

ನನ್ನ ಗಂಡ ಮನೆಯಲ್ಲೂ ಅಲುಗಾಡುವ ಪೈಕಿಯಲ್ಲ. ರಜೆಯ ದಿನ ಕುರ್ಚಿಯಲ್ಲಿ ಕೂತರೆ ಮುಗಿಯಿತು, ಕುರ್ಚಿಗೇ ಬೇಸರ ಬರಬೇಕು. ಇಪ್ಪತ್ತಾರು ವರ್ಷಗಳಿಂದ ಈ ಮಾತನ್ನು ಅತ್ತೆಯ ಮುಂದೆ, ನಾದಿನಿಯ ಮುಂದೆ ಆಡಿಕೊಂಡಿದ್ದೇನೆ. ಅವರೇ ಎದುರಿಗಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಆಡಿದ್ದೇನೆ. ಆದರೆ ಅದೇ ತಪ್ಪಿಗೆ ಒಂದು ಕಂಪನಿ ಅವರನ್ನು ಕೆಲಸದಿಂದ ತೆಗೆಯಲು ಹೊರಡುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೆಂಡತಿ ಬೈಯುವುದು ಬೇರೆ, ಕಂಡವರು ಬೈಯುವುದು ಬೇರೆ.

ಕೆಟ್ಟ ಲಿಫ್ಟುಗಳನ್ನು ದುರಸ್ತಿ ಮಾಡುವ ಆ ಕಂಪನಿಯಲ್ಲಿ ನಾವಿಬ್ಬರೂ ಇದ್ದೆವು. ಅವರು ಹಿರಿಯ ಮೆಕ್ಯಾನಿಕ್. ಉಳಿದವರೆಲ್ಲ ಅವರ ಕೈಕೆಳಗೆ ಕೆಲಸ ಕಲಿತವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ‘ಮೇಷ್ಟ್ರು’. ನನ್ನದು ಫೋನಿನ ಮೇಜು. ಯಾವುದೋ ಕಟ್ಟಡದಿಂದ ‘ಲಿಫ್ಟು ನಿಂತುಹೋಗಿದೆ’ ಎಂದು ಕರೆ ಬಂದರೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವವಳು ನಾನು. ನನಗಿಂತ ಹಿರಿಯರೂ ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಒಗ್ಗಿಹೋಯಿತು.

ಮೇಷ್ಟ್ರ ಕೆಲಸದ ರೀತಿಯೇ ಬೇರೆ. ಕಟ್ಟಡಕ್ಕೆ ಹೋದವರೇ ಲಿಫ್ಟಿನ ಕರೆಂಟು ಆರಿಸಿ, ಸ್ವಿಚ್ಚಿನ ಪೆಟ್ಟಿಗೆಗೆ ತಮ್ಮದೇ ಬೀಗ ಜಡಿದು, ಕೀಲಿಯನ್ನು ಬನಿಯನ್ನಿನ ಒಳಜೇಬಿಗೆ ಹಾಕಿಕೊಳ್ಳುತ್ತಾರೆ. ಮೇಲೆ ಯಾರಾದರೂ ಗೊತ್ತಿಲ್ಲದೆ ಸ್ವಿಚ್ ಹಾಕಿದರೆ ಕೆಳಗಿದ್ದವನು ರೊಟ್ಟಿಯಾಗುತ್ತಾನಲ್ಲ, ಅದಕ್ಕೆ. ಆಮೇಲೆ ಲಿಫ್ಟಿನ ತಳದ ಗುಂಡಿಗೆ ಇಳಿದು ಎರಡು ಗಂಟೆಯೋ ಮೂರು ಗಂಟೆಯೋ ಅಲ್ಲೇ ಇರುತ್ತಾರೆ. ತಂತಿ ತಡವುತ್ತಾರೆ, ಸ್ಪ್ರಿಂಗಿಗೆ ಕಿವಿ ಕೊಡುತ್ತಾರೆ, ಸುಮ್ಮನೆ ಕೂರುತ್ತಾರೆ. ಅವರು ಮುಟ್ಟಿದ ಲಿಫ್ಟಿನ ಮೇಲೆ ಮೂರು ವರ್ಷ ದೂರು ಬರುವುದಿಲ್ಲ. ನನ್ನ ಮೇಜಿಗೆ ಬಾರದ ಕರೆಗಳಿಂದಲೇ ಅವರ ಕೆಲಸ ಎಂಥದ್ದೆಂದು ನನಗೆ ಗೊತ್ತಾಗುತ್ತಿತ್ತು. ಆದರೆ ಬಾರದ ಕರೆಯನ್ನು ಯಾರಿಗಾದರೂ ತೋರಿಸುವುದು ಹೇಗೆ?

ಇಂಥ ಹೊತ್ತಿನಲ್ಲಿ ಹೊಸ ಮ್ಯಾನೇಜರು ಬಂದರು. ಇದಕ್ಕೂ ಮೊದಲು ಅವರು ಎಲ್ಲಿದ್ದರೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲಿಫ್ಟಿನ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆ ಒಂದೇ, ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ ಎಂಬುದು. ಬಂದ ವಾರವೇ ನನ್ನ ಮೇಜಿನ ಮೇಲಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಪರದೆ ಹಾಕಿಸಿದರು. ಮೆಕ್ಯಾನಿಕ್‌ಗಳಿಗೆಲ್ಲ ಹೊಸ ಮೊಬೈಲು ಹಂಚಿದರು. ಮೊಬೈಲಿನ ಜಿಪಿಎಸ್ಸು ಆಕಾಶದ ಉಪಗ್ರಹಗಳನ್ನು ಕೇಳಿ ತಾನೆಲ್ಲಿದ್ದೇನೆಂದು ಹೇಳುತ್ತದಂತೆ. ಪರದೆಯ ಮೇಲಿನ ಊರಿನ ನಕ್ಷೆಯಲ್ಲಿ ಒಬ್ಬೊಬ್ಬ ಮನುಷ್ಯನೂ ಒಂದೊಂದು ಚುಕ್ಕಿಯಾಗಿ ಓಡಾಡುತ್ತಾನಂತೆ. ಓಡುತ್ತಿದ್ದರೆ ಹಸಿರು, ಹತ್ತು ನಿಮಿಷ ನಿಂತರೆ ಹಳದಿ, ಇಪ್ಪತ್ತು ನಿಮಿಷ ನಿಂತರೆ ಕೆಂಪು.

“ಚಲನೆಯೇ ಕೆಲಸ. ನಿಂತ್ರೆ ಸೋಮಾರಿತನ. ಇನ್ಮೇಲೆ ಯಾರೂ ಯಾರಿಗೂ ಸುಳ್ಳು ಹೇಳೋಕಾಗಲ್ಲ, ಆಕಾಶ ನೋಡ್ತಿದೆ” ಅಂದರು ಮ್ಯಾನೇಜರು, ಪರದೆಯ ಮುಂದೆ ನಿಂತು.

ಅಂದಿನಿಂದ ನಾವು ಅವರಿಗೆ ಚುಕ್ಕಿರಾಯರು ಎಂದು ಹೆಸರಿಟ್ಟೆವು. ಎದುರಿಗಲ್ಲ, ಬೆನ್ನ ಹಿಂದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಗಂಡ ಎಲ್ಲಿದ್ದಾನೆಂದು ದಿನವಿಡೀ ಗೋಡೆಯ ಮೇಲೆ ನೋಡುವ ಭಾಗ್ಯಕ್ಕೆ ಎಷ್ಟೋ ಹೆಂಗಸರು ಹರಕೆ ಹೊತ್ತಾರು. ನನಗದು ಕುತ್ತಿಗೆಗೆ ಬಂತು. ಉಳಿದ ಚುಕ್ಕಿಗಳು ಗದ್ದೆಯ ಮಿಡತೆಗಳ ಹಾಗೆ ಹಾರಾಡುತ್ತಿದ್ದರೆ ನನ್ನವರ ಚುಕ್ಕಿ ಒಂದೇ ಕಡೆ ಬೆಳಗಿನಿಂದ ಮಧ್ಯಾಹ್ನದ ತನಕ ಕೆಂಪಗೆ ಕೂತಿರುತ್ತಿತ್ತು. ಗುಂಡಿಯ ಆಳದಲ್ಲಿ ಉಪಗ್ರಹಕ್ಕೂ ಒಮ್ಮೊಮ್ಮೆ ಕಣ್ಣು ಮಂಜಾಗುತ್ತಿತ್ತೇನೋ, ಒಂದು ದಿನ ಅವರ ಚುಕ್ಕಿ ಹೋಗಿ ಕೆರೆಯ ನಡುಮಧ್ಯ ಕೂತಿತು. ಚುಕ್ಕಿರಾಯರು ಫೋನು ಮಾಡಿದರು.

“ಕೆರೆ ಮಧ್ಯೆ ಏನ್ರೀ ಮಾಡ್ತಿದ್ದೀರಾ?”

“ಸ್ಪ್ರಿಂಗ್ ಬಿಗಿ ಮಾಡ್ತಿದ್ದೀನಿ” ಅಂದರಂತೆ ಇವರು.

“ಕೆರೇಲಿ?”

“ನೀವು ಕೆರೆ ಅಂತೀರಿ. ನಂಗಿಲ್ಲಿ ಲಿಫ್ಟು ಕಾಣ್ತಿದೆ.”

ಉದ್ಧಟತನ ಎಂದು ಮೊದಲನೇ ನೋಟೀಸು ಬಂತು. ತಲೆಬರಹದಲ್ಲಿ ‘ನಿಶ್ಚಲತೆಯ ಬಗ್ಗೆ’ ಎಂದಿತ್ತು. ಅಂಥ ಮೂರು ನೋಟೀಸು ಬಂದರೆ ಕೆಲಸದಿಂದ ವಜಾ. ಅದನ್ನು ಟೈಪು ಮಾಡಿ ಲಕೋಟೆಗೆ ಹಾಕಬೇಕಾದವಳು ನಾನೇ. “ನೀವೇ ಅವರ ಹೆಂಡ್ತಿ ಆಗಿರೋದ್ರಿಂದ ಪಕ್ಷಪಾತ ಮಾಡಬಾರ್ದು ನೋಡಿ” ಎಂದು ಬುದ್ಧಿವಾದವನ್ನೂ ಹೇಳಿದರು. ಗಂಡನಿಗೆ ನೋಟೀಸು ಬರೆದು, ಸಾಯಂಕಾಲ ಅದೇ ಗಂಡನಿಗೆ ಊಟ ಬಡಿಸುವ ಕರ್ಮ ಇನ್ಯಾರಿಗೂ ಬೇಡ.

ಇತ್ತ ಹಸಿರು ಚುಕ್ಕಿಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿದ್ದವನು ಮಿಂಚು. ಅವನ ನಿಜವಾದ ಹೆಸರು ಅವನಿಗೇ ಮರೆತಿತ್ತು. ಮೇಷ್ಟ್ರ ಕೈಯಲ್ಲಿ ಕಲಿತ ಹುಡುಗ, ಒಳ್ಳೆಯ ಕೈ. ಆದರೆ ಚುಕ್ಕಿರಾಯರು ಬಂದ ಮೇಲೆ ಅವನ ವಿದ್ಯೆ ಒಂದೇ ಬೆರಳಿಗೆ ಇಳಿದಿತ್ತು. ಕಟ್ಟಡಕ್ಕೆ ನುಗ್ಗುವುದು, ಕರೆಂಟು ಆರಿಸಿ ಹಾಕುವುದು, ಲಿಫ್ಟು ಅಲುಗಿದರೆ ಓಡುವುದು. ಮೂರನೇ ದಿನ ಅದೇ ಲಿಫ್ಟು ಮತ್ತೆ ಕೆಡುತ್ತಿತ್ತು, ಅವನು ಮತ್ತೆ ಓಡುತ್ತಿದ್ದ. ಕೆಟ್ಟಷ್ಟೂ ಓಟ, ಓಡಿದಷ್ಟೂ ಹಸಿರು. ನನ್ನ ಮೇಜಿಗೆ ಬರುವ ಕರೆಗಳು ಎರಡರಷ್ಟಾದವು. ಅದನ್ನೂ ಚುಕ್ಕಿರಾಯರು ‘ವ್ಯವಹಾರದ ಬೆಳವಣಿಗೆ’ ಎಂದು ಕರೆದರು.

“ನಾಚಿಕೆ ಆಗಲ್ವೇನೋ?” ಎಂದು ಕೇಳಿದೆ ಒಮ್ಮೆ.

“ಆಗುತ್ತಕ್ಕಾ. ಆದ್ರೆ ನಾಚ್ಕೊಂಡು ನಿಂತ್ರೆ ಹಳದಿ ಆಗಿಬಿಡ್ತೀನಿ” ಅಂದ.

ಮೊದಲು ಗುಂಡಿಗೆ ಇಳಿಯುವ ಕೆಲಸಕ್ಕೆ ಇಬ್ಬರು ಹೋಗುತ್ತಿದ್ದರು, ಒಬ್ಬ ಕೆಳಗೆ, ಒಬ್ಬ ಮೇಲೆ ಕಾವಲಿಗೆ. ಒಂದೇ ಕಡೆ ಎರಡು ಚುಕ್ಕಿ ದಂಡ ಎಂದು ಅದನ್ನೂ ನಿಲ್ಲಿಸಿದರು. ಎರಡನೇ ನೋಟೀಸು ಬಂದಾಗ ನನಗೆ ನಿಜವಾಗಿಯೂ ಭಯವಾಯಿತು. ಇವರಿಗೆ ಐವತ್ತನಾಲ್ಕು ದಾಟಿದೆ. ಈ ವಯಸ್ಸಿನ, ಅದೂ ನಿಧಾನದ ಮೆಕ್ಯಾನಿಕ್‌ನನ್ನು ಬೇರೆ ಯಾರು ಕರೆದು ಕೂರಿಸುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಲಿಫ್ಟು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಲೋಕವೇ ಇಲ್ಲ. ಅದನ್ನು ಕಿತ್ತುಕೊಂಡರೆ ಅವರು ಆ ಕುರ್ಚಿಯಿಂದ ಏಳುವುದೇ ಇಲ್ಲವೆಂದು ನನಗೆ ಖಾತ್ರಿಯಿತ್ತು.

ಆಗ ನೆನಪಾದವನು ನನ್ನ ತಮ್ಮ. ಅವನು ಬೇಕರಿಯ ವ್ಯಾನಿನಲ್ಲಿ ಅಂಗಡಿ ಅಂಗಡಿಗೂ ಬ್ರೆಡ್ಡು ಹಾಕುವವನು. ದಿನಕ್ಕೆ ಮೂವತ್ತನಾಲ್ಕು ಅಂಗಡಿ, ಒಂದೊಂದರಲ್ಲೂ ಮೂರೋ ನಾಲ್ಕೋ ನಿಮಿಷ, ಸಾಯಂಕಾಲ ಮತ್ತೊಂದು ಸುತ್ತು. ನಿಲ್ಲುವ ಮಾತೇ ಇಲ್ಲ.

“ಭಾವನ ಫೋನು ನಿನ್ನ ವ್ಯಾನಲ್ಲಿ ಇಟ್ಕೋತೀಯೇನೋ?”

“ಬ್ರೆಡ್ಡಿನ ಜೊತೆ ಇರ್ಲಿ ಬಿಡಕ್ಕಾ. ಅದೇನು ತಿನ್ನುತ್ತಾ?” ಅಂದ.

ಇವರನ್ನು ಒಪ್ಪಿಸಲು ಕಷ್ಟಪಡಬೇಕಾಗುತ್ತದೆ ಅಂದುಕೊಂಡಿದ್ದೆ, ಸತ್ಯಸಂಧ ಮನುಷ್ಯ. ಇವರು ಸ್ವಲ್ಪ ಹೊತ್ತು ಯೋಚಿಸಿ, “ಸುಳ್ಳು ಹೇಳೋದು ಫೋನು ತಾನೇ? ನಾನಲ್ವಲ್ಲ” ಅಂದು ಮೊಬೈಲನ್ನು ಬೆರಳ ತುದಿಯಲ್ಲಿ ಹಿಡಿದು ನನ್ನ ಕೈಗೆ ಹಾಕಿದರು. ಪೀಡೆ ತೊಲಗಿದ ಖುಷಿ ಮುಖದಲ್ಲಿ ಕಾಣುತ್ತಿತ್ತು. ಒಂದು ಕೆಲಸ ಮುಗಿದ ಮೇಲೆ ಆಯಾ ಕಟ್ಟಡದ ಕಾವಲುಗಾರನ ಫೋನಿನಿಂದ ನನ್ನ ಮೇಜಿಗೆ ಕರೆ ಮಾಡುವುದು, ಮುಂದೆಲ್ಲಿಗೆ ಎಂದು ನಾನು ಹೇಳುವುದು, ನಾನು ತಿಳಿಸಿದ ಕೂಡಲೇ ವ್ಯಾನಿನಲ್ಲಿದ್ದ ನನ್ನ ತಮ್ಮ ಆ ಮೊಬೈಲಿನಲ್ಲಿ ‘ಮುಗಿಯಿತು’ ಎಂದು ಒತ್ತುವುದು. ಹೀಗೆ ನಮ್ಮ ಸಂಸಾರ ಆಕಾಶದ ಕಣ್ಣಿಗೇ ಮಣ್ಣೆರಚಿತು.

ಮರುದಿನದಿಂದ ಮೇಷ್ಟ್ರ ಚುಕ್ಕಿ ಹಸಿರಾಯಿತು ನೋಡಿ, ಎಂಥ ಹಸಿರು! ಬೆಳಗಿನ ಆರಕ್ಕೇ ಹೊರಟು ಗಲ್ಲಿಗಲ್ಲಿ ಹೊಕ್ಕು ಹೊರಬರುತ್ತಿತ್ತು. ಚುಕ್ಕಿರಾಯರು ಕಾಫಿಯ ಲೋಟ ಹಿಡಿದು ಪರದೆಯ ಮುಂದೆ ಮೈಮರೆತು ನಿಲ್ಲುತ್ತಿದ್ದರು.

“ನೋಡಿದ್ರಾ? ಎರಡೇ ಎರಡು ನೋಟೀಸಿಗೆ ಮನುಷ್ಯ ಹೇಗೆ ತಿದ್ಕೊಂಡ!”

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂರನೇ ವಾರ ಅವರು ಒಂದು ಸಭೆ ಕರೆದು, ಆ ಹಸಿರು ಗೆರೆಯನ್ನು ಕಾಗದದ ಮೇಲೆ ಮುದ್ರಿಸಿ ಎಲ್ಲರಿಗೂ ಹಂಚಿ, ಇದೇ ‘ಮಾದರಿ ಮಾರ್ಗ’ ಎಂದು ಘೋಷಿಸಿದರು. ಹಿರಿಯರ ಅನುಭವದಿಂದ ಹುಟ್ಟಿದ ದಾರಿಯಂತೆ. ಕೈಯಲ್ಲಿ ಕೆಲಸವಿಲ್ಲದ ಮೆಕ್ಯಾನಿಕ್‌ಗಳು ಸುಮ್ಮನೆ ನಿಲ್ಲದೆ ಈ ದಾರಿಯಲ್ಲೇ ಸುತ್ತಬೇಕಂತೆ. ಇವರು ಹಿಂದಿನ ಸಾಲಿನಲ್ಲಿ ಕೂತು ತಮ್ಮದೇ ದಾರಿಯನ್ನು ಮೊದಲ ಸಲ ನೋಡುತ್ತಿದ್ದರು. ಮರುದಿನದಿಂದ ನೀಲಿ ಸಮವಸ್ತ್ರದ ಲಿಫ್ಟಿನವರು ಬೆಳ್ಳಂಬೆಳಗ್ಗೆ ಒಂದೇ ಮಹಡಿಯ ಕಿರಾಣಿ ಅಂಗಡಿಗಳ ಮುಂದೆ ಸ್ಕೂಟರು ನಿಲ್ಲಿಸಿ, ಮೂರು ನಿಮಿಷ ಆಕಾಶ ನೋಡಿ ಹೊರಡತೊಡಗಿದರು. ‘ನಿಮ್ಮೋರು ದಿನಾ ಬಂದು ನಿಂತು ಹೋಗ್ತಾರಲ್ಲ, ನಮ್ಮ ಅಂಗಡಿಗೇನಾದ್ರೂ ಲಿಫ್ಟ್ ಹಾಕೋ ಯೋಚ್ನೆ ಇದೆಯಾ?’ ಎಂದು ಒಬ್ಬ ಅಂಗಡಿಯವನು ನನ್ನ ಮೇಜಿಗೇ ಫೋನು ಮಾಡಿ ವಿಚಾರಿಸಿದ.

ನಾನು ಮನೆಗೆ ಬಂದು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ನಗಲಿಲ್ಲ.

“ಕೆಳಗಿಳಿದಾಗ ಮೇಲೊಬ್ಬ ಇರ್ಬೇಕಿತ್ತು ಕಣೇ” ಎಂದಷ್ಟೇ ಅಂದರು. ನಾನು ಆ ಮಾತಿಗೆ ಕಿವಿ ಕೊಡಲಿಲ್ಲ.

ಆ ಬುಧವಾರ ಹನ್ನೊಂದರ ಹೊತ್ತಿಗೆ ಇವರು ಕರೆ ಮಾಡಿದಾಗ ಹನ್ನೆರಡು ಮಹಡಿಯ ಕಚೇರಿ ಕಟ್ಟಡಕ್ಕೆ ಹೋಗಲು ಹೇಳಿದೆ. ಲಿಫ್ಟು ಇಳಿಯುವಾಗ ನಡುಗುತ್ತದೆ ಎಂದು ದೂರಿತ್ತು. ಅಂಥದ್ದಕ್ಕೆ ಗುಂಡಿಗೆ ಇಳಿಯಲೇಬೇಕು. ಮೂರು ಗಂಟೆಯ ಕೆಲಸ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಪರದೆಗೆ. ಕೆಲಸ ಬಾಕಿಯಿದೆ, ಅದನ್ನು ವಹಿಸಿಕೊಂಡವನ ಚುಕ್ಕಿ ಎಂಟು ಕಿಲೋಮೀಟರು ಆಚೆ ಬ್ರೆಡ್ಡು ಹಂಚುತ್ತಿದೆ. ಒಂದೂವರೆ ಗಂಟೆ ಕಾದು ನೋಡಿದ ಪರದೆ, ತನ್ನಷ್ಟಕ್ಕೆ ತಾನೇ ಆ ಕೆಲಸವನ್ನು ಅತಿ ಹತ್ತಿರದ ಇನ್ನೊಂದು ಚುಕ್ಕಿಗೆ ಕೊಟ್ಟಿತು. ಬೇರೆ ದಿನ ಹಾಗಾಗದಂತೆ ನಾನೇ ತಡೆಯುತ್ತಿದ್ದೆ, ಅವತ್ತು ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ.

ಕೈ ತೊಳೆದು ಬರುವಷ್ಟರಲ್ಲಿ ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಪರದೆಯ ಮುಂದೆ ನಿಂತಿದ್ದ ಚುಕ್ಕಿರಾಯರೇ ಕೈ ಚಾಚಿ ಸ್ಪೀಕರ್ ಒತ್ತಿದರು. ಮಿಂಚುವಿನ ದನಿ.

“ಅಕ್ಕಾ, ಹನ್ನೆರಡು ಮಹಡಿ ಬಿಲ್ಡಿಂಗ್‌ಗೆ ಬಂದಿದ್ದೀನಿ. ಸ್ವಿಚ್ಚಿನ ಪೆಟ್ಟಿಗೆಗೆ ಯಾರೋ ಬೀಗ ಹಾಕಿದ್ದಾರೆ. ಮೇಷ್ಟ್ರ ಬೀಗ ಇದ್ದಂಗಿದೆ. ಅವ್ರು ಇಲ್ಲಿದ್ದಾರಾ?”

ಚುಕ್ಕಿರಾಯರು ತಲೆಯೆತ್ತಿ ನಕ್ಷೆ ನೋಡಿದರು. “ಅವ್ರು ಅಲ್ಲೆಲ್ಲಿ? ಮಾರ್ಕೆಟ್ ಹಿಂದಿನ ಮೂರನೇ ಅಡ್ಡರಸ್ತೇಲಿದ್ದಾರೆ, ಹಸಿರಾಗಿ. ಬೀಗ ಮರೆತು ಹೋಗಿರ್ತಾರೆ. ಒಡೆದು ಸ್ವಿಚ್ ಹಾಕು. ನೀನು ಆಗ್ಲೇ ಏಳು ನಿಮಿಷದಿಂದ ಅಲ್ಲೇ ನಿಂತಿದ್ದೀಯ.”

“ಸರಿ ಸಾರ್” ಅಂದ ಮಿಂಚು.

ನಾನು ಬಾಯಿ ತೆರೆದರೆ ಮೂರನೇ ನೋಟೀಸೂ ಬೇಡ, ಅಲ್ಲಿಗಲ್ಲಿಗೆ ಇಬ್ಬರೂ ಹೊರಗೆ. ತಮ್ಮನ ಕೆಲಸಕ್ಕೂ ಸಂಚಕಾರ. ಅತ್ತ ದರಿ, ಇತ್ತ ಪುಲಿ. ಇದೆಲ್ಲ ತಲೆಯಲ್ಲಿ ಹಾದುಹೋಗಲು ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ತಕ್ಷಣ ಕಿರುಚಿದೆ.

“ಬೇಡ ಕಣೋ! ಮುಟ್ಬೇಡ! ಮೇಷ್ಟ್ರು ಕೆಳಗೆ ಗುಂಡೀಲಿದ್ದಾರೆ!”

“ಏನ್ರೀ ಇದು? ಮ್ಯಾಪಲ್ಲಿ ಅಲ್ಲಿ ಯಾರೂ ಇಲ್ಲ” ಅಂದರು ಚುಕ್ಕಿರಾಯರು.

“ಮ್ಯಾಪಲ್ಲಿರೋದು ಬ್ರೆಡ್ಡಿನ ವ್ಯಾನು! ಫೋನು ನನ್ನ ತಮ್ಮನ ಹತ್ರ ಇದೆ! ಲೋ, ಬಾಗ್ಲು ತೆಗೆದು ಕೆಳಗೆ ನೋಡೋ, ನಿನ್ನ ಕಾಲಿಗೆ ಬೀಳ್ತೀನಿ!”

“ನಾನು ಹೇಳ್ತಿದ್ದೀನಿ, ಒಡಿ” ಅಂದರು ಚುಕ್ಕಿರಾಯರು. ಅವರಿಗೆ ಕೋಪವೇನೂ ಇರಲಿಲ್ಲ. ಪರದೆಯನ್ನು ತೋರಿಸಿ ನನಗೆ ತಾಳ್ಮೆಯಿಂದ ವಿವರಿಸುತ್ತಿದ್ದರು. “ನೋಡೀಮ್ಮಾ, ಇಲ್ಲೇ ಇದ್ದಾರೆ. ಈಗ ಎಡಕ್ಕೆ ತಿರುಗಿದ್ರು.”

ಆ ಕಡೆ ಓಡುವ ಹೆಜ್ಜೆಗಳ ಸದ್ದು. ಆಮೇಲೆ ಕಬ್ಬಿಣದ ಬಾಗಿಲು ಕಿರ್ರೆಂದ ಸದ್ದು. ಅದರ ಹಿಂದೆಯೇ, ಬಾವಿಯೊಳಗಿಂದ ಬಂದ ಹಾಗೆ, ನನ್ನ ಗಂಡನ ದನಿ: “ಯಾವನೋ ಅದು? ಬೀಗ ಮುಟ್ಟಿದ್ರೆ ಕೈ ಮುರೀತೀನಿ!”

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಇಪ್ಪತ್ತಾರು ವರ್ಷದಲ್ಲಿ ಅವರ ಬೈಗುಳ ಇಷ್ಟು ಸಿಹಿಯಾಗಿ ಕೇಳಿಸಿದ್ದು ಅದೊಂದೇ ಸಲ. ಸಾಯಂಕಾಲ ಇವರು ಎಂದಿನಂತೆ ಬಂದರು, ಬಿಸಿನೀರು ಕೇಳಿದರು, ಗ್ರೀಸು ತೊಳೆದು ಊಟ ಮಾಡಿದರು. ನಾನು ಹೇಗೆ ಕಿರುಚಿದೆ, ಆ ಚುಕ್ಕಿರಾಯನ ಮುಖ ಹೇಗಿತ್ತು, ಎಲ್ಲವನ್ನೂ ಎರಡೆರಡು ಸಲ ಹೇಳಿದೆ. “ಅಷ್ಟೊತ್ತಿಗೆ ಕೂಗಿದ್ದಕ್ಕೆ ಸರಿಹೋಯ್ತು. ಒಂದು ಕ್ಷಣ ತಡ ಆಗಿದ್ರೂ!” ಅಂದೆ. ನಾದಿನಿಗೆ ಫೋನು ಮಾಡಿ ಅವಳಿಗೂ ಹೇಳಿದೆ. ಇವರು ಹೂಂ ಹೂಂ ಎನ್ನುತ್ತಾ ಮಜ್ಜಿಗೆ ಹಾಕಿಸಿಕೊಂಡರು.

ಮುಂದಿನ ಸೋಮವಾರ ವಿಚಾರಣೆ. ಚುಕ್ಕಿರಾಯರ ಕೋಣೆಯಲ್ಲಿ ನಾನು, ಇವರು, ಮಿಂಚು. ಚುಕ್ಕಿರಾಯರು ವರದಿ ಓದಿದರು. ನಕ್ಷೆಯ ದಾಖಲೆಯ ಪ್ರಕಾರ ಬುಧವಾರ ಹನ್ನೊಂದರಿಂದ ಮಿಂಚು ತಲುಪುವವರೆಗೆ ಆ ಕಟ್ಟಡದಲ್ಲಿ ನಮ್ಮ ಕಂಪನಿಯ ಯಾರೂ ಇರಲಿಲ್ಲ. ಯಾರೂ ಇಲ್ಲದ ಮೇಲೆ ಯಾರಿಗೂ ಅಪಾಯವಾಗುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಹಿರಿಯ ಮೆಕ್ಯಾನಿಕ್ ಅದೇ ಹೊತ್ತಿನಲ್ಲಿ ಕೆಲಸದ ಜಾಗ ಬಿಟ್ಟು ಹದಿನಾಲ್ಕು ಅಂಗಡಿಗಳಿಗೆ ಭೇಟಿ ಕೊಟ್ಟಿದ್ದು ಸಾಬೀತಾಗಿದೆ. ಆದ್ದರಿಂದ ವಜಾ. ಮೋಸಕ್ಕೆ ನೆರವಾದ ನಾನೂ ವಜಾ. ಮೇಷ್ಟ್ರನ್ನು ಗುಂಡಿಯಿಂದ ಮೇಲೆತ್ತುತ್ತಾ ಇನ್ನೂ ಹದಿನೆಂಟು ನಿಮಿಷ ನಿಂತು ಕೆಂಪಾಗಿದ್ದಕ್ಕೆ ಮಿಂಚುವಿಗೆ ಮೊದಲನೇ ನೋಟೀಸು.

“ನಾನು ಅಲ್ಲೇ ಇದ್ನಲ್ಲ” ಅಂದರು ಇವರು.

“ಪುರಾವೆ ಏನು?”

“ಲಿಫ್ಟು ಈಗ ನಡುಗ್ತಾ ಇಲ್ಲ.”

ಚುಕ್ಕಿರಾಯರು ಅದನ್ನು ಬರೆದುಕೊಳ್ಳಲಿಲ್ಲ. “ನಿಮ್ಮ ಹೆಂಡ್ತಿ ಒಪ್ಕೊಂಡಿರೋದೇ ನನ್ನ ಹತ್ರ ಇದೆ” ಎಂದು ಕಂಪ್ಯೂಟರಿನ ಗುಂಡಿ ಒತ್ತಿದರು. ನನ್ನ ಮೇಜಿನ ಎಲ್ಲ ಕರೆಗಳನ್ನೂ ಗುಣಮಟ್ಟಕ್ಕೆಂದು ಧ್ವನಿಮುದ್ರಿಸುತ್ತಿದ್ದರಂತೆ. ಕೇಳಲಿ ಬಿಡು ಎಂದು ನಾನು ಸೆರಗು ಸರಿಮಾಡಿಕೊಂಡು ಕೂತೆ. ನಾನು ಕಿರುಚಿದ್ದನ್ನು ಎಲ್ಲರೂ ಕೇಳಲಿ ಎಂಬ ಆಸೆಯೂ ಸ್ವಲ್ಪ ಇತ್ತು.

‘ಒಡೆದು ಸ್ವಿಚ್ ಹಾಕು’ ಎಂಬ ಚುಕ್ಕಿರಾಯರ ದನಿ ಬಂತು. ‘ಸರಿ ಸಾರ್’ ಎಂದು ಮಿಂಚುವಿನ ದನಿ. ಆಮೇಲೆ ಮೌನ. ಯಂತ್ರ ಕೆಟ್ಟಿತೇನೋ ಅಂದುಕೊಂಡೆ. ಕಂಪ್ಯೂಟರಿನ ತೆರೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಎರಡು, ಮೂರು, ನಾಲ್ಕು. ಸಲಕರಣೆಯ ಚೀಲದ ಜಿಪ್ಪು ಎಳೆದ ಸದ್ದು. ಏಳು, ಎಂಟು. ಠಣ್ ಎಂದು ಬೀಗದ ಮೇಲೆ ಸುತ್ತಿಗೆಯ ಒಂದು ಏಟು. ಒಂಬತ್ತು. ಆಗ ನನ್ನ ದನಿ: ‘ಬೇಡ ಕಣೋ!’

ಒಂಬತ್ತು ಸೆಕೆಂಡು. ಆ ಏಟು ಬುಧವಾರ ನನಗೆ ಕೇಳಿಸಿರಲೇ ಇಲ್ಲ. ಅದರ ಮೊದಲು ನಾನು ಬಾಯಿ ತೆರೆಯಲಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ. ಕೆಲಸ ಹೋಗುತ್ತದಲ್ಲ ಎಂದು ನಾನು ಒಂಬತ್ತು ಸೆಕೆಂಡು ಲೆಕ್ಕ ಹಾಕುತ್ತಾ ನಿಂತಿದ್ದೆ, ಕೆಳಗೆ ಈ ಮನುಷ್ಯ ಮಲಗಿದ್ದ. ಚುಕ್ಕಿರಾಯರಿಗೆ ಅದರ ಕಡೆ ಗಮನವೇ ಇರಲಿಲ್ಲ, ಅವರಿಗೆ ಬೇಕಾದದ್ದು ಬ್ರೆಡ್ಡಿನ ವ್ಯಾನಿನ ಮಾತು. ಮಿಂಚು ತಲೆ ತಗ್ಗಿಸಿದ್ದ. ನನಗೆ ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಕಾಗದಗಳಿಗೆ ಸಹಿ ಹಾಕಿ ಹೊರಗೆ ಬಂದೆವು. ಮೆಟ್ಟಿಲ ಮೇಲೆ ನಾನೇ ಕೇಳಿದೆ, ಕೇಳದೆ ಇರಲಾಗಲಿಲ್ಲ.

“ನಿಮ್ಗೆ ಆ ಏಟು ಕೇಳಿಸಿತ್ತಾ?”

“ಹೂಂ.”

“ಮತ್ತೆ ನಾನು ಅವತ್ತು ಅಷ್ಟೆಲ್ಲ ಕೊಚ್ಕೊಳ್ತಿದ್ದಾಗ ಯಾಕೆ ಸುಮ್ನಿದ್ರಿ?”

ಅವರು ನಿಂತರು. ನಿಂತು ಯೋಚಿಸಿದರು, ಎಂದಿನ ಹಾಗೆ, ಅವಸರವಿಲ್ಲದೆ.

“ಒಂದು ಏಟು ಕೇಳ್ತು. ಕೂಗಿದೆ, ಮೇಲೆ ಯಾರಿಗೂ ಕೇಳಿಸ್ಲಿಲ್ಲ. ಸರಿ ಅಂತ ಎರಡನೇ ಏಟಿಗೆ ಕಾಯ್ತಾ ಮಲ್ಕೊಂಡೆ” ಅಂದರು. “ಅದು ಬರ್ಲಿಲ್ಲ.”

ಅಷ್ಟು ಹೇಳಿ ನನ್ನ ಕೈಯಿಂದ ಊಟದ ಡಬ್ಬಿಯ ಚೀಲ ತೆಗೆದುಕೊಂಡು ಇಳಿಯತೊಡಗಿದರು. ನಾನು ಅಳುತ್ತಾ ಅವರ ಹಿಂದೆ ಇಳಿದೆ.